ವೋಗ್ ಭಾರತಕ್ಕೆ 2007ರವರೆಗೆ ಏಕೆ ಬರಲಿಲ್ಲ?

ಪ್ರಶ್ನೆ: ನಾನು ಮಂಗಳೂರಿನ ಕಾಲೇಜೊಂದರಲ್ಲಿ ಫ್ಯಾಶನ್ ಡಿಸೈನ್ ಓದುತ್ತಿದ್ದೇನೆ, ಊರು ಕಾಪು. ಕೊನೆಯ ವರ್ಷದ ಪ್ರಬಂಧಕ್ಕೆ ‘ವೋಗ್’ ಪತ್ರಿಕೆಯ ಭಾರತೀಯ ಆವೃತ್ತಿಯ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. 1892ರಲ್ಲಿ ಹುಟ್ಟಿ, 1920ರೊಳಗೆ ಲಂಡನ್ನಿಗೂ ಪ್ಯಾರಿಸ್ಸಿಗೂ ಹೋದ ಪತ್ರಿಕೆ ನಮ್ಮಲ್ಲಿಗೆ ಬರಲು 2007ರವರೆಗೆ ಕಾದದ್ದು ಏಕೆ? ಬಂದ ಮೇಲಾದರೂ ಅದು ನಿಜವಾಗಿ ಭಾರತೀಯ ಪತ್ರಿಕೆಯೇ ಅಥವಾ ಅಮೆರಿಕದ ಪತ್ರಿಕೆಗೆ ಸೀರೆ ಉಡಿಸಿದ್ದೇ? ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳ ಬೇರು ಒಂದೇ ಕಡೆ ಇದೆ ಎಂದು ನಾನು ತಿಳಿದಿದ್ದೇನೆ. ಪತ್ರಿಕೆಯ ಒಡೆತನ ಯಾರದು ಎಂಬುದೇ ಆ ಬೇರು. ಫ್ಯಾಶನ್ ಪತ್ರಿಕೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮುಖಪುಟಗಳಿಂದ ಆರಂಭಿಸುತ್ತಾರೆ. ಯಾವ ನಟಿ ಯಾವ ತಿಂಗಳು ಬಂದಳು ಎಂಬ ಪಟ್ಟಿಯಲ್ಲೇ ಪ್ರಬಂಧ ಮುಗಿಯುತ್ತದೆ. ನೀವು ಕಾನೂನು ಮತ್ತು ಜಾಹೀರಾತಿನಿಂದ ಆರಂಭಿಸಿ. ಮುಖಪುಟಗಳು ಹಾಗೇಕೆ ಬಂದವು ಎಂಬುದು ಆಗ ತಾನಾಗಿಯೇ ಸ್ಪಷ್ಟವಾಗುತ್ತದೆ.

ವೋಗ್ ಪತ್ರಿಕೆಯನ್ನು 1892ರ ಡಿಸೆಂಬರ್ 17ರಂದು ನ್ಯೂಯಾರ್ಕಿನಲ್ಲಿ ಆರ್ಥರ್ ಟರ್ನ್ಯೂರ್ ಎಂಬವರು ಆರಂಭಿಸಿದರು. ಅದು ಆ ನಗರದ ಸಿರಿವಂತ ಮನೆತನಗಳ ಉಡುಗೆ, ಔತಣ, ನಡೆನುಡಿಗಳನ್ನು ಕುರಿತ ವಾರಪತ್ರಿಕೆಯಾಗಿತ್ತು. 1909ರಲ್ಲಿ ಅದನ್ನು ಕೊಂಡ ಕಾಂಡೆ ನಾಸ್ಟ್ ಜಾಹೀರಾತಿನ ವ್ಯವಹಾರ ಬಲ್ಲ ವ್ಯಕ್ತಿ. ಓದುಗರ ಸಂಖ್ಯೆ ಕಡಿಮೆ ಇದ್ದರೂ ತೊಂದರೆಯಿಲ್ಲ, ಅವರು ದುಬಾರಿ ವಸ್ತು ಕೊಳ್ಳಬಲ್ಲವರಾಗಿದ್ದರೆ ಜಾಹೀರಾತುದಾರ ಅವರನ್ನು ತಲುಪಲು ಹೆಚ್ಚು ಹಣ ಕೊಡುತ್ತಾನೆ ಎಂಬುದು ಅವರ ಲೆಕ್ಕ. ಈ ಲೆಕ್ಕವನ್ನು ನೆನಪಿನಲ್ಲಿಡಿ. ಭಾರತದ ಕಥೆಯಲ್ಲಿಯೂ ಕೆಲಸ ಮಾಡಿದ್ದು ಇದೇ.

ಹೊರದೇಶದ ಮೊದಲ ಮುಖ್ಯ ಆವೃತ್ತಿ ಹುಟ್ಟಿದ್ದು ಯುದ್ಧದ ಒಂದು ಅಡಚಣೆಯಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಟ್ಲಾಂಟಿಕ್ ದಾಟುವ ಹಡಗುಗಳಲ್ಲಿ ಅನಗತ್ಯ ಸರಕಿಗೆ ಜಾಗ ಸಿಗದಂತಾದಾಗ, ಇಂಗ್ಲೆಂಡಿನ ಓದುಗರಿಗೆ ಅಮೆರಿಕದ ಪ್ರತಿಗಳನ್ನು ಕಳುಹಿಸುವ ಬದಲು 1916ರಲ್ಲಿ ಲಂಡನ್ನಿನಲ್ಲಿಯೇ ಮುದ್ರಿಸತೊಡಗಿದರು. ಮೊದಮೊದಲು ಅದು ಬಹುಮಟ್ಟಿಗೆ ಅಮೆರಿಕದ ಪುಟಗಳ ಮರುಮುದ್ರಣವೇ ಆಗಿದ್ದು, ನಿಧಾನವಾಗಿ ತನ್ನದೇ ದನಿ ಪಡೆಯಿತು. 1920ರಲ್ಲಿ ಫ್ರಾನ್ಸಿನ ಆವೃತ್ತಿ ಬಂತು. ಎಲ್ಲ ಕಡೆಯೂ ಗೆಲುವೇ ಆಯಿತು ಎಂದುಕೊಳ್ಳಬೇಡಿ: 1928ರಲ್ಲಿ ಆರಂಭವಾದ ಜರ್ಮನಿಯ ಆವೃತ್ತಿ ಬೇಗನೆ ನಿಂತುಹೋಗಿ, ಮತ್ತೆ ತೆರೆದದ್ದು 1979ರಲ್ಲಿ. ಇಟಲಿಯಲ್ಲಿ ಆಗಲೇ ಇದ್ದ ‘ನೋವಿಟಾ’ ಎಂಬ ಪತ್ರಿಕೆಯನ್ನು ಕೊಂಡು ಅದನ್ನೇ ವೋಗ್ ಆಗಿ ಬದಲಿಸಿದರು. 2005ರಲ್ಲಿ ಚೀನಾಕ್ಕೆ ಹೋದಾಗ ಅಲ್ಲಿನ ಪ್ರಕಾಶನ ಸಂಸ್ಥೆಯೊಂದರ ಕೈ ಹಿಡಿಯಲೇಬೇಕಾಯಿತು. ಹೀಗೆ ‘ರಾಷ್ಟ್ರೀಯ ಆವೃತ್ತಿ’ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಬಗೆಯ ಸಂಬಂಧಗಳಿವೆ. ಪ್ರಬಂಧದಲ್ಲಿ ಇವನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನು ಭಾರತಕ್ಕೆ ಬರೋಣ. ವೋಗ್‌ನ ಪುಟಗಳಲ್ಲಿ ಭಾರತ 2007ಕ್ಕಿಂತ ಬಹಳ ಮೊದಲೇ ಇತ್ತು, ಆದರೆ ಓದುಗನಾಗಿ ಅಲ್ಲ, ಹಿನ್ನೆಲೆಯಾಗಿ. 1956ರಲ್ಲಿ ಬ್ರಿಟಿಷ್ ವೋಗ್‌ಗಾಗಿ ನಾರ್ಮನ್ ಪಾರ್ಕಿನ್‌ಸನ್ ಇಲ್ಲಿ ತೆಗೆದ ಚಿತ್ರಗಳು ಪ್ರಸಿದ್ಧವಾಗಿವೆ. ಅವುಗಳಲ್ಲಿ ಹರಡಿದ್ದ ಗುಲಾಬಿ ಬಣ್ಣವನ್ನು ಕಂಡು, ಮುಂದೆ ಅಮೆರಿಕದ ವೋಗ್‌ನ ಸಂಪಾದಕಿಯಾದ ಡಯಾನಾ ವ್ರೀಲೆಂಡ್, ನಮಗೆ ನೇವಿ ಬ್ಲೂ ಹೇಗೋ ಭಾರತಕ್ಕೆ ಗುಲಾಬಿ ಹಾಗೆ ಎಂಬರ್ಥದ ಮಾತನ್ನಾಡಿದರು. ಜಾಣ ಮಾತು, ನಿಜ. ಆದರೆ ಅದು ಹೊರಗೆ ನಿಂತು ನೋಡುವ ಕಣ್ಣಿನ ಮಾತು. ಮೂಡುಬಿದಿರೆಯಲ್ಲೋ ಬ್ರಹ್ಮಾವರದಲ್ಲೋ ಸೀರೆ ಆರಿಸುವ ಹೆಂಗಸು ಗುಲಾಬಿಯನ್ನು ನೇವಿ ಬ್ಲೂ ಪಕ್ಕದಲ್ಲಿಟ್ಟು ಅಳೆಯುವುದಿಲ್ಲ. ಇಂಥ ಕಣ್ಣಿನಿಂದ ಒಳಗಿನ ಕಣ್ಣಿಗೆ ಪತ್ರಿಕೆ ಎಷ್ಟರಮಟ್ಟಿಗೆ ಸರಿದಿದೆ ಎಂಬುದೇ ಭಾರತೀಯ ಆವೃತ್ತಿಯನ್ನು ಅಳೆಯುವ ಸರಿಯಾದ ಮಾನದಂಡ ಎಂದು ನನ್ನ ಅಭಿಪ್ರಾಯ.

ತಡವಾದದ್ದಕ್ಕೆ ಮುಖ್ಯ ಕಾರಣ 1955ರ ಕೇಂದ್ರ ಸಚಿವ ಸಂಪುಟದ ಒಂದು ನಿರ್ಣಯ. ಸ್ವಾತಂತ್ರ್ಯಕ್ಕೆ ಮೊದಲು ಬ್ರಿಟಿಷ್ ಒಡೆತನದ ಪತ್ರಿಕೆಗಳು ಇಲ್ಲಿನ ಜನಾಭಿಪ್ರಾಯವನ್ನು ರೂಪಿಸಿದ್ದ ಅನುಭವ ಆಗಿನ್ನೂ ಹಸಿಯಾಗಿತ್ತು. ಮೊದಲ ಪತ್ರಿಕಾ ಆಯೋಗದ ವರದಿಯ ಬಳಿಕ, ನೆಹರೂ ಸರ್ಕಾರವು ವಿದೇಶಿ ಒಡೆತನದ ಪತ್ರಿಕೆಗಳನ್ನು ಭಾರತದಲ್ಲಿ ಹೊಸದಾಗಿ ಪ್ರಕಟಿಸಲು ಅವಕಾಶ ಕೊಡುವುದಿಲ್ಲ, ಸುದ್ದಿ ಮತ್ತು ರಾಜಕೀಯ ವಿಚಾರಗಳನ್ನು ಮುಖ್ಯವಾಗಿ ಕೊಡುವ ವಿದೇಶಿ ಪತ್ರಿಕೆಗಳಿಗೆ ಭಾರತೀಯ ಆವೃತ್ತಿ ಇರಕೂಡದು ಎಂದು ತೀರ್ಮಾನಿಸಿತು. ಇದು ಸಂಸತ್ತಿನಲ್ಲಿ ಅಂಗೀಕಾರವಾದ ಕಾಯಿದೆಯಲ್ಲ, ಸಂಪುಟದ ನಿರ್ಣಯ ಮಾತ್ರ ಎಂಬುದನ್ನು ನಿಮ್ಮ ಪ್ರಬಂಧದಲ್ಲಿ ಸರಿಯಾಗಿ ನಮೂದಿಸಿ. ಅನೇಕರು ಇಲ್ಲಿ ತಪ್ಪುತ್ತಾರೆ. ನಿರ್ಣಯದ ಗುರಿ ಫ್ಯಾಶನ್ ಪತ್ರಿಕೆಯಾಗಿರಲಿಲ್ಲ, ಸುದ್ದಿಪತ್ರಿಕೆಯಾಗಿತ್ತು. ಆದರೂ ಅದರ ನೆರಳು ಎಲ್ಲದರ ಮೇಲೆ ಬಿತ್ತು, ಮತ್ತು ಸಂಪುಟದ ನಿರ್ಣಯವಷ್ಟೇ ಆಗಿದ್ದೂ ಅದು 2002ರವರೆಗೆ 47 ವರ್ಷ ಹಾಗೆಯೇ ಉಳಿಯಿತು.

ಆ ಅವಧಿಯಲ್ಲಿ ಜಾಗ ಖಾಲಿ ಬಿದ್ದಿರಲಿಲ್ಲ. ಟೈಮ್ಸ್ ಬಳಗದ ‘ಫೆಮಿನಾ’ 1959ರಲ್ಲಿ ಆರಂಭವಾಯಿತು. 1964ರಿಂದ ಮಿಸ್ ಇಂಡಿಯಾ ಸ್ಪರ್ಧೆಯನ್ನೂ ಅದು ನಡೆಸಿತು. ವಿಮಲಾ ಪಾಟೀಲರ ಸಂಪಾದಕತ್ವದ ದೀರ್ಘ ಕಾಲದಲ್ಲಿ ಉಡುಗೆ, ಅಡುಗೆ, ಉದ್ಯೋಗ, ದಾಂಪತ್ಯ ಎಲ್ಲವೂ ಒಂದೇ ಪತ್ರಿಕೆಯಲ್ಲಿ ಸಿಗುತ್ತಿದ್ದವು. ವಿದೇಶಿ ಪತ್ರಿಕೆಗಳೂ ನಮ್ಮ ಕರಾವಳಿಗೆ ಬರುತ್ತಿರಲಿಲ್ಲ ಎಂದಲ್ಲ. ನಾನು ಹುಡುಗನಾಗಿದ್ದಾಗ ಹಂಪನಕಟ್ಟೆಯ ಟೈಲರ್ ಅಂಗಡಿಯೊಂದರಲ್ಲಿ, ಯಾರದೋ ಸಂಬಂಧಿಕರು ಮುಂಬೈಯಿಂದ ತಂದುಕೊಟ್ಟ ಹಳೆಯ ವಿದೇಶಿ ಪತ್ರಿಕೆಗಳು ಅಂಚು ಹರಿದು ಮೇಜಿನ ಮೇಲೆ ಬಿದ್ದಿರುತ್ತಿದ್ದವು. ಮದುವೆಯ ಗೌನು ಹೊಲಿಸಲು ಬರುವ ಕ್ರೈಸ್ತ ಕುಟುಂಬದವರು ಅವುಗಳ ಪುಟ ತಿರುವಿ ಬೆರಳಿಟ್ಟು ತೋರಿಸುತ್ತಿದ್ದರು. ಅದೇ ಅಂಗಡಿಗೆ ರವಿಕೆ ಹೊಲಿಸಲು ಬರುತ್ತಿದ್ದ ನನ್ನ ದೊಡ್ಡಮ್ಮನಿಗೆ ಆ ಪತ್ರಿಕೆಗಳಿಂದ ಏನೂ ಬೇಕಿರಲಿಲ್ಲ, ಏಕೆಂದರೆ ಕತ್ತರಿಸಿ ಹೊಲಿಯುವ ಉಡುಪಿನ ಪತ್ರಿಕೆಯಲ್ಲಿ ಕತ್ತರಿ ತಾಗದ ಸೀರೆಗೆ ಹೇಳುವ ಮಾತು ಇರಲಿಲ್ಲ. ವೋಗ್ ತನ್ನ ಆರಂಭದ ದಶಕಗಳಿಂದಲೇ ಹೊಲಿಗೆಯ ಕಾಗದದ ಮಾದರಿಗಳನ್ನು ಮಾರಿ ಓದುಗರನ್ನು ಕಟ್ಟಿಕೊಂಡ ಪತ್ರಿಕೆ. ಸೀರೆಯ ನಾಡಿನಲ್ಲಿ ಆ ದಾರಿ ಮುಚ್ಚಿತ್ತು ಎಂಬುದನ್ನು ಕಾನೂನಿನಷ್ಟೇ ಗಂಭೀರವಾಗಿ ಪರಿಗಣಿಸಬೇಕು.

1991ರ ಆರ್ಥಿಕ ಸುಧಾರಣೆಯ ಬಳಿಕ ಚಿತ್ರ ಬದಲಾಯಿತು. ದೆಹಲಿಯ ನಿಫ್ಟ್, ಅಂದರೆ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ, 1986ರಿಂದಲೇ ವಿನ್ಯಾಸಕಾರರನ್ನು ತಯಾರು ಮಾಡುತ್ತಿತ್ತು. 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಆದರು. ಅದೇ ವರ್ಷ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದರು. ನಮ್ಮೂರಿನ ಮಟ್ಟಿಗೆ ಅದು ಹೆಮ್ಮೆಯ ಸುದ್ದಿ. ಸೌಂದರ್ಯ ಸಾಮಗ್ರಿಗಳ ಕಂಪೆನಿಗಳಿಗೆ ಅದು ಮಾರುಕಟ್ಟೆ ತೆರೆದ ಸುದ್ದಿ. 1996ರಲ್ಲಿ ‘ಎಲ್’ ಮತ್ತು ‘ಕಾಸ್ಮೊಪಾಲಿಟನ್’ ಭಾರತೀಯ ಆವೃತ್ತಿಗಳನ್ನು ಆರಂಭಿಸಿದವು. ನಿರ್ಣಯ ಜಾರಿಯಲ್ಲಿರುವಾಗಲೇ ಇದು ಸಾಧ್ಯವಾದದ್ದು ಪರವಾನಗಿಯ ಮೂಲಕ. ಪತ್ರಿಕೆಯ ಒಡೆಯ ಭಾರತೀಯ ಪ್ರಕಾಶಕನೇ; ಹೆಸರು, ವಿನ್ಯಾಸ, ಕೆಲವು ಲೇಖನ ಮತ್ತು ಚಿತ್ರಗಳನ್ನು ಬಳಸುವ ಹಕ್ಕಿಗೆ ಮಾತ್ರ ಅವನು ವಿದೇಶಿ ಸಂಸ್ಥೆಗೆ ಹಣ ಕೊಡುತ್ತಾನೆ. ನಮ್ಮ ಜಿಲ್ಲೆಯ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ: ಗದ್ದೆ ಒಬ್ಬರದು, ಬೇಸಾಯ ಇನ್ನೊಬ್ಬರದು, ನಡುವೆ ಗೇಣಿ. ಇಲ್ಲಿ ಗೇಣಿಗೆ ಬಂದದ್ದು ಹೆಸರು.

ವೋಗ್ ಈ ದಾರಿಯನ್ನು ಹಿಡಿಯದೆ ಕಾದುಕೊಂಡಿತು. 2002ರ ಜೂನ್‌ನಲ್ಲಿ ಕೇಂದ್ರ ಸಂಪುಟವು 1955ರ ನಿಲುವನ್ನು ಬದಲಿಸಿ, ಸುದ್ದಿಪತ್ರಿಕೆಗಳಲ್ಲಿ 26 ಶೇಕಡಾ ಮತ್ತು ಸುದ್ದಿಯೇತರ ವಿಶೇಷ ಪತ್ರಿಕೆಗಳಲ್ಲಿ 74 ಶೇಕಡಾ ವಿದೇಶಿ ಹೂಡಿಕೆಗೆ ಅವಕಾಶ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಎರಡನೆಯ ವರ್ಗಕ್ಕೆ ಆ ಮಿತಿ 100 ಶೇಕಡಾಕ್ಕೆ ಏರಿತು. ಕಾಂಡೆ ನಾಸ್ಟ್ ಅವರ ಹೆಸರನ್ನೇ ಹೊತ್ತ ಪ್ರಕಾಶನ ಸಂಸ್ಥೆ ಮುಂಬೈಯಲ್ಲಿ ತನ್ನದೇ ಪೂರ್ಣ ಒಡೆತನದ ಕಂಪೆನಿಯನ್ನು ತೆರೆಯಿತು. ಅಲೆಕ್ಸ್ ಕುರುವಿಲ ಅದರ ಮುಖ್ಯಸ್ಥರಾದರು. 2007ರ ಅಕ್ಟೋಬರ್ ಸಂಚಿಕೆಯೊಂದಿಗೆ ಹೊರಬಂದ ವೋಗ್ ಇಂಡಿಯಾ, ಪೂರ್ಣ ವಿದೇಶಿ ಒಡೆತನದಲ್ಲಿ ಭಾರತದಲ್ಲಿ ಆರಂಭವಾದ ಮೊದಲ ಪತ್ರಿಕೆ. ವೋಗ್‌ನ ಆವೃತ್ತಿಗಳ ಸಾಲಿನಲ್ಲಿ ಹದಿನೇಳನೆಯದು. ಗೇಣಿಯ ಹೋಲಿಕೆಯಲ್ಲಿಯೇ ಹೇಳುವುದಾದರೆ, ಇಲ್ಲಿ ಧಣಿಯೇ ಬಂದು ಬೇಸಾಯಕ್ಕಿಳಿದ.

ಕಾನೂನು ಸಡಿಲಗೊಂಡರೆ ಸಾಲದು, ಜಾಹೀರಾತು ಕೊಡುವವರೂ ಬೇಕಲ್ಲ? ಕಾಂಡೆ ನಾಸ್ಟ್ ಅವರ ಹಳೆಯ ಲೆಕ್ಕ ಮತ್ತೆ ಇಲ್ಲಿ ಬರುತ್ತದೆ. ಲೂಯಿ ವಿಟಾನ್ ದೆಹಲಿಯಲ್ಲಿ ಮೊದಲ ಮಳಿಗೆ ತೆರೆದದ್ದು 2003ರಲ್ಲಿ. ಒಂದೇ ಬ್ರಾಂಡಿನ ಮಳಿಗೆಗಳಲ್ಲಿ 51 ಶೇಕಡಾ ವಿದೇಶಿ ಹೂಡಿಕೆಗೆ ಅನುಮತಿ ಸಿಕ್ಕಿದ್ದು 2006ರಲ್ಲಿ. ದೆಹಲಿಯ ಡಿಎಲ್‌ಎಫ್ ಎಂಪೋರಿಯೊ, ಬೆಂಗಳೂರಿನ ಯುಬಿ ಸಿಟಿ ಎರಡೂ ತೆರೆದದ್ದು 2008ರಲ್ಲಿ. ಅದಕ್ಕೂ ಮೊದಲು ಈ ವಸ್ತುಗಳು ಹೆಚ್ಚಾಗಿ ಪಂಚತಾರಾ ಹೋಟೆಲುಗಳ ಒಳಗಿನ ಪುಟ್ಟ ಮಳಿಗೆಗಳಲ್ಲಿ ಮಾರಾಟವಾಗುತ್ತಿದ್ದವು. ಈ ಇಸವಿಗಳ ನಡುವೆ 2007 ಕುಳಿತಿರುವುದು ಕಾಕತಾಳೀಯವಲ್ಲ. ಅದಕ್ಕಿಂತ ಹತ್ತು ವರ್ಷ ಮೊದಲು ಬಂದಿದ್ದರೆ ಕಾನೂನಿನ ತೊಡಕಿಲ್ಲದಿದ್ದರೂ ಜಾಹೀರಾತಿನ ಪುಟಗಳು ತುಂಬುತ್ತಿರಲಿಲ್ಲ.

ಮೊದಲ ಸಂಚಿಕೆಯ ಸಂಪಾದಕಿ ಪ್ರಿಯಾ ತನ್ನಾ. 2021ರವರೆಗೆ ಅವರೇ ಆ ಸ್ಥಾನದಲ್ಲಿದ್ದರು. ಫ್ಯಾಶನ್ ವಿಭಾಗದ ಹೊಣೆ ಅನೈತಾ ಶ್ರಾಫ್ ಅದಾಜಾನಿಯಾ ಅವರದಾಗಿತ್ತು. ಮಡಚಿ ಬಿಡಿಸುವ ಮುಖಪುಟಕ್ಕೆ ಫ್ರಾನ್ಸಿನ ಪ್ಯಾಟ್ರಿಕ್ ಡೆಮಾರ್ಶೆಲಿಯೆ ಚಿತ್ರ ತೆಗೆದರು. ಪ್ರಿಯಾಂಕಾ ಚೋಪ್ರಾ, ಬಿಪಾಶಾ ಬಸು, ಪ್ರೀತಿ ಜಿಂಟಾ, ರೂಪದರ್ಶಿಯರಾದ ಲಕ್ಷ್ಮೀ ಮೆನನ್ ಮತ್ತು ಮೋನಿಕಾಂಗನಾ ದತ್ತಾ ಅವರೊಂದಿಗೆ ಆಸ್ಟ್ರೇಲಿಯಾದ ಗೆಮ್ಮಾ ವಾರ್ಡ್ ಅದರಲ್ಲಿದ್ದರು. ಐವರು ಭಾರತೀಯರು, ಒಬ್ಬರು ಹೊರಗಿನವರು. ಭಾರತದ ಮೊದಲ ಮುಖಪುಟಕ್ಕೆ ಆ ಒಬ್ಬರು ಏಕೆ ಬೇಕಾಗಿತ್ತು ಎಂಬ ಪ್ರಶ್ನೆ ಸಹಜ. ನನಗೆ ಅದು ಅಂಜಿಕೆಯ ಗುರುತಾಗಿ ಕಾಣುತ್ತದೆ: ಹೊಸ ಪತ್ರಿಕೆ ತಾನು ವೋಗ್ ಮನೆತನಕ್ಕೆ ಸೇರಿದ್ದೆಂದು ಮೊದಲ ದಿನವೇ ಸಾಬೀತು ಮಾಡಬೇಕಿತ್ತು. ಆದರೆ ಆಗ ಬಿಳಿಚರ್ಮದ ಕ್ರೀಮಿನ ಜಾಹೀರಾತುಗಳೇ ತುಂಬಿದ್ದ ಮಾರುಕಟ್ಟೆಯಲ್ಲಿ, ಲಕ್ಷ್ಮೀ ಮೆನನ್ ಅವರ ಶ್ಯಾಮಲ ವರ್ಣ ಆ ಮುಖಪುಟದಲ್ಲಿದ್ದುದು ಸಣ್ಣ ಸಂಗತಿಯಲ್ಲ. ಇವೆರಡನ್ನೂ ಒಟ್ಟಿಗೆ ಹೇಳಿ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅನ್ಯಾಯವಾಗುತ್ತದೆ.

ತಿಂಗಳಿನ ವಿಷಯವನ್ನೂ ಗಮನಿಸಿ. ಅಮೆರಿಕದ ವೋಗ್‌ಗೆ ಸೆಪ್ಟೆಂಬರ್ ಸಂಚಿಕೆಯೇ ವರ್ಷದ ದೊಡ್ಡ ಸಂಚಿಕೆ, ಏಕೆಂದರೆ ಅಲ್ಲಿ ಚಳಿಗಾಲದ ಉಡುಪಿನ ಖರೀದಿ ಆಗ ಆರಂಭವಾಗುತ್ತದೆ. ನಮ್ಮಲ್ಲಿ ಬಟ್ಟೆಯ ಖರೀದಿ ನಡೆಯುವುದು ಹಬ್ಬ ಮತ್ತು ಮದುವೆಯ ಲೆಕ್ಕದಲ್ಲಿ. ತುಳುನಾಡಿನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಯಿಲ್ಲ, ಅದರ ಮುಂದಿನ ಸೋಣ ತಿಂಗಳು ಕಳೆದು ನವರಾತ್ರಿ ಸಮೀಪಿಸಿದಾಗ ಉಡುಪಿಯ ರಥಬೀದಿಯ ಸುತ್ತಲಿನ ಜವಳಿ ಅಂಗಡಿಗಳಿಗೆ ಕಳೆ ಬರುತ್ತದೆ. ಭಾರತೀಯ ಆವೃತ್ತಿ ಕಾಲಿಟ್ಟದ್ದೂ ಆ ಹೊತ್ತಿಗೇ. ಮುಂದೆ ಅದರ ಪುಟಗಳಲ್ಲಿ ಮದುವೆಯ ಲೆಹೆಂಗಾ, ಒಡವೆ, ಝರಿ ಕೆಲಸಗಳಿಗೆ ಸಿಕ್ಕ ಸ್ಥಾನವು ಬೇರೆ ದೇಶಗಳ ಆವೃತ್ತಿಗಳಲ್ಲಿ ಕಾಣದಷ್ಟು ದೊಡ್ಡದು. ‘ಸೀರೆ ಉಡಿಸಿದ ಅಮೆರಿಕದ ಪತ್ರಿಕೆ’ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೆ. ಪಂಚಾಂಗ ನಮ್ಮದಾದರೆ ಪತ್ರಿಕೆಯ ಒಳಗಿನ ಲಯವೂ ಒಂದಿಷ್ಟು ನಮ್ಮದಾಗುತ್ತದೆ.

ಈಗ 2008ರ ಆಗಸ್ಟ್ ಸಂಚಿಕೆ. ನಿಮ್ಮ ಪ್ರಬಂಧದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಿ ಎಂದು ಹೇಳುತ್ತೇನೆ. ಆ ಸಂಚಿಕೆಯ 16 ಪುಟಗಳ ಚಿತ್ರಮಾಲಿಕೆಯಲ್ಲಿ ಬಡ ಗ್ರಾಮೀಣ ಜನರ ಕೈಗೆ ಐಷಾರಾಮಿ ವಸ್ತುಗಳನ್ನು ಕೊಟ್ಟು ಚಿತ್ರ ತೆಗೆಯಲಾಗಿತ್ತು. ಮುಂದಿನ ಹಲ್ಲುಗಳಿಲ್ಲದ ಅಜ್ಜಿ ಎತ್ತಿಕೊಂಡ ಮಗುವಿನ ಕೊರಳಿಗೆ ಸುಮಾರು 100 ಡಾಲರ್ ಬೆಲೆಯ ಫೆಂಡಿ ಬಿಬ್; ಬರಿಗಾಲಿನ ಮುದುಕನ ಕೈಯಲ್ಲಿ ಸುಮಾರು 200 ಡಾಲರಿನ ಬರ್ಬರಿ ಕೊಡೆ; ಮೂವರು ಕುಳಿತ ಬೈಕಿನ ಹಿಂಬದಿಯಲ್ಲಿ ಒಂದೇ ಕಡೆಗೆ ಕಾಲು ಹಾಕಿ ಕುಳಿತ ತಾಯಿಯ ಮಣಿಕಟ್ಟಿನಲ್ಲಿ 10,000 ಡಾಲರಿಗೂ ಮಿಕ್ಕಿದ ಎರ್ಮೆಸ್ ಬರ್ಕಿನ್ ಚೀಲ. ದೇಶದೊಳಗೂ ಹೊರಗೂ ಟೀಕೆ ಬಂತು. ಫ್ಯಾಶನ್ ಈಗ ಶ್ರೀಮಂತರ ಸೊತ್ತಲ್ಲ, ಯಾರು ಬೇಕಾದರೂ ಅದನ್ನು ಧರಿಸಿ ಚೆನ್ನಾಗಿ ಕಾಣಬಹುದು ಎಂಬುದು ಸಂಪಾದಕಿಯ ಸಮರ್ಥನೆಯಾಗಿತ್ತು.

ಬಡವರನ್ನು ಚಂದವಾಗಿ ಚಿತ್ರಿಸಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ನನ್ನನ್ನು ಇಂದಿಗೂ ಬಾಧಿಸುವುದು ಆ ಪುಟಗಳ ಅಡಿಬರಹ. ಆಗಿನ ಟೀಕಾಕಾರರು ಎತ್ತಿ ತೋರಿಸಿದಂತೆ, ವಸ್ತುವಿನ ಬ್ರಾಂಡಿನ ಹೆಸರು ಅಲ್ಲಿತ್ತು, ವಸ್ತುವನ್ನು ಹಿಡಿದವರ ಹೆಸರು ಇರಲಿಲ್ಲ. ಕೊಡೆಗೆ ಹೆಸರಿದೆ, ಮನುಷ್ಯನಿಗಿಲ್ಲ. ಇದು ಪಾರ್ಕಿನ್‌ಸನ್ ಕಾಲದ ಕಣ್ಣೇ. ವ್ಯತ್ಯಾಸವಿಷ್ಟೆ, ಈ ಬಾರಿ ಆ ಪುಟಗಳಿಗೆ ಒಪ್ಪಿಗೆ ಕೊಟ್ಟದ್ದು ಮುಂಬೈಯ ಕಚೇರಿ. ಸಂಪಾದಕರು ಭಾರತೀಯರಾದ ಮಾತ್ರಕ್ಕೆ ದೃಷ್ಟಿ ಒಳಗಿನದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ನಿಮಗೆ ಸಿಗಲಾರದು.

ಮುಂದಿನ ವರ್ಷಗಳನ್ನು ನೀವು ಬೇಗ ದಾಟಬಹುದು. 2015ರ ಮಾರ್ಚ್‌ನಲ್ಲಿ ವೋಗ್ ಇಂಡಿಯಾದ ಮಹಿಳಾ ಸಬಲೀಕರಣದ ಅಭಿಯಾನದ ಅಂಗವಾಗಿ ಬಂದ ‘ಮೈ ಚಾಯ್ಸ್’ ಎಂಬ ಕಿರುಚಿತ್ರದಲ್ಲಿ 99 ಮಹಿಳೆಯರಲ್ಲಿ ಒಬ್ಬರಾಗಿ, ಉಡುಪಿ ಜಿಲ್ಲೆಯ ಪಡುಕೋಣೆ ಮೂಲದ ದೀಪಿಕಾ ಪಡುಕೋಣೆ ಕಾಣಿಸಿಕೊಂಡರು. ನಿರ್ದೇಶಕರು ಹೋಮಿ ಅದಾಜಾನಿಯಾ. ಅದು ಬಹಳ ಚರ್ಚೆಯಾಯಿತು. 2017ರ ಮೇ ತಿಂಗಳಿನ ಹತ್ತನೆಯ ವರ್ಷದ ವಿಶೇಷ ಸಂಚಿಕೆಗೆ ಅಮೆರಿಕದ ಕೆಂಡಲ್ ಜೆನ್ನರ್ ಅವರ ಚಿತ್ರ ಹಾಕಿದಾಗ ಓದುಗರು ಸಿಟ್ಟಾದರು. ಹತ್ತು ವರ್ಷಗಳಲ್ಲಿ 12 ಮುಖಪುಟಗಳಲ್ಲಿ ಮಾತ್ರ ವಿದೇಶಿಯರಿದ್ದಾರೆ, ಅಂದರೆ 90 ಶೇಕಡಾ ಮುಖಪುಟ ಭಾರತೀಯರದೇ ಎಂದು ಪತ್ರಿಕೆ ಉತ್ತರಿಸಿತು. ಲೆಕ್ಕ ಸರಿಯಾಗಿತ್ತು, ಆದರೆ ಓದುಗರ ಪ್ರಶ್ನೆ ಲೆಕ್ಕದ್ದಾಗಿರಲಿಲ್ಲ. ಮನೆಯ ಹಬ್ಬದ ದಿನ ಮೊದಲ ಎಲೆ ಯಾರಿಗೆ ಹಾಕಿದಿರಿ ಎಂಬುದು ಅವರ ಪ್ರಶ್ನೆಯಾಗಿತ್ತು.

2020ರ ನವೆಂಬರ್ ಮುಖಪುಟದ ಬಳಿ ಮಾತ್ರ ನಿಲ್ಲಿ. ಕೊರೋನಾ ಕಾಲದಲ್ಲಿ ಕೇರಳದ ಆರೋಗ್ಯ ಸಚಿವೆಯಾಗಿದ್ದ ಕೆ. ಕೆ. ಶೈಲಜಾ ಆ ಸಂಚಿಕೆಯ ಮುಖಪುಟದಲ್ಲಿದ್ದರು. ಕಾಸರಗೋಡಿನ ಗಡಿಗೆ ಅಂಟಿಕೊಂಡಿರುವ ಮಂಗಳೂರಿನವರಾದ ನಾವು ಅವರನ್ನು ದಿನವೂ ಸುದ್ದಿಯಲ್ಲಿ ನೋಡುತ್ತಿದ್ದೆವು: ಮಾಧ್ಯಮಿಕ ಶಾಲೆಯ ಟೀಚರಾಗಿದ್ದವರು, ಸರಳ ಸೀರೆ, ಕನ್ನಡಕ. ಮಾರಲು ಏನೂ ಇಲ್ಲದ ಮುಖವೊಂದು, ಹೆಸರು ಮತ್ತು ಕೆಲಸದ ಸಮೇತ, ಆ ಜಾಗಕ್ಕೆ ಬಂದದ್ದನ್ನು ನಾನು ಆ ಪತ್ರಿಕೆಯ ಒಳ್ಳೆಯ ದಿನಗಳಲ್ಲೊಂದು ಎಂದು ಎಣಿಸುತ್ತೇನೆ.

ಅದರ ಬೆನ್ನಿಗೇ ಒಡೆತನದ ಪ್ರಶ್ನೆ ಮತ್ತೆ ಮುಂದೆ ಬಂತು. 2020ರ ಡಿಸೆಂಬರ್‌ನಲ್ಲಿ, ಆಗ ಅಮೆರಿಕದ ವೋಗ್‌ನ ಸಂಪಾದಕಿಯಾಗಿದ್ದ ಆನಾ ವಿಂಟರ್ ಅವರನ್ನು ಕಾಂಡೆ ನಾಸ್ಟ್ ಎಲ್ಲ ದೇಶಗಳ ವೋಗ್‌ಗಳ ಜಾಗತಿಕ ಸಂಪಾದಕೀಯ ನಿರ್ದೇಶಕಿಯನ್ನಾಗಿ ನೇಮಿಸಿತು. ಹಲವು ದೇಶಗಳಲ್ಲಿ ‘ಪ್ರಧಾನ ಸಂಪಾದಕ’ ಎಂಬ ಹುದ್ದೆ ಹೋಗಿ ‘ಸಂಪಾದಕೀಯ ವಿಷಯದ ಮುಖ್ಯಸ್ಥ’ ಎಂಬ ಹುದ್ದೆ ಬಂತು. ಭಾರತದಲ್ಲಿ 2021ರಲ್ಲಿ ಪ್ರಿಯಾ ತನ್ನಾ ಹೊರನಡೆದ ಬಳಿಕ ಮೇಘಾ ಕಪೂರ್, ಅವರ ನಂತರ ರೋಶೆಲ್ ಪಿಂಟೊ ಈ ಹೊಸ ಹೆಸರಿನ ಹುದ್ದೆಗೆ ಬಂದರು. ಪರವಾನಗಿಯ ಪತ್ರಿಕೆಯಾಗಿದ್ದರೆ ನ್ಯೂಯಾರ್ಕಿನ ಕಚೇರಿ ಇಲ್ಲಿನ ಸಂಪಾದಕೀಯ ವ್ಯವಸ್ಥೆಯನ್ನು ಇಷ್ಟು ನೇರವಾಗಿ ಬದಲಿಸಲು ಆಗುತ್ತಿರಲಿಲ್ಲ. 2007ರಲ್ಲಿ ಪೂರ್ಣ ಒಡೆತನಕ್ಕಾಗಿ ಕಾದದ್ದರ ಅರ್ಥ ಹದಿನಾಲ್ಕು ವರ್ಷಗಳ ನಂತರ ಕಣ್ಣಿಗೆ ಬಿತ್ತು.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ‘ರಾಷ್ಟ್ರೀಯ’ ಎನಿಸಿದ ಈ ಆವೃತ್ತಿ ಮುದ್ರಣವಾಗುವುದು ಇಂಗ್ಲಿಷಿನಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹುಟ್ಟಿದ ಊರು ನಮ್ಮದು. ಮಣಿಪಾಲದ ವಾರಪತ್ರಿಕೆಗಳು ಮನೆಮನೆಯಲ್ಲಿ ಓದಿಸಿಕೊಂಡ ಜಿಲ್ಲೆ ನಿಮ್ಮದು. ಇಲ್ಲಿನ ಮುಖಗಳು ಆ ಪತ್ರಿಕೆಗೆ ಹೋದವು, ಇಲ್ಲಿನ ಮಾತು ಹೋಗಲಿಲ್ಲ. ಜಾಹೀರಾತಿನ ಹಳೆಯ ಲೆಕ್ಕದಲ್ಲಿ ಇದಕ್ಕೆ ಕಾರಣ ಸ್ಪಷ್ಟವಿದೆ. ಕಾರಣ ಸ್ಪಷ್ಟವಿದೆ ಎಂದ ಮಾತ್ರಕ್ಕೆ ನಷ್ಟವನ್ನು ಬರೆಯದೆ ಬಿಡಬೇಕಾಗಿಲ್ಲ.

ಕೆಲಸದ ದಾರಿಯ ಕುರಿತು ಒಂದು ಸಲಹೆ. ಎಲ್ಲ ಸಂಚಿಕೆಗಳನ್ನೂ ಹುಡುಕುತ್ತಾ ವರ್ಷ ಕಳೆಯಬೇಡಿ. 2007ರ ಅಕ್ಟೋಬರ್, 2008ರ ಆಗಸ್ಟ್ ಮತ್ತು 2020ರ ನವೆಂಬರ್ ಸಂಚಿಕೆಗಳನ್ನು ಸಂಪಾದಿಸಿ, ಮೊದಲ ಸುತ್ತಿನಲ್ಲಿ ಚಿತ್ರಗಳನ್ನು ನೋಡದೆ ಅಡಿಬರಹಗಳನ್ನು ಮಾತ್ರ ಓದಿ. ಎಲ್ಲಿ ಬ್ರಾಂಡಿನ ಹೆಸರಿದೆ, ಎಲ್ಲಿ ಉಟ್ಟವರ ಹೆಸರಿದೆ, ನೇಯ್ದವರ ಊರು ಎಲ್ಲಾದರೂ ಬಂದಿದೆಯೇ ಎಂದು ಮೂರು ಕಂಬಸಾಲಿನಲ್ಲಿ ಬರೆದುಕೊಳ್ಳಿ. ನೇಯ್ಗೆಯ ಕಂಬಸಾಲು ತುಂಬಿಸುವ ಮೊದಲು ಕಿನ್ನಿಗೋಳಿ ಬಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘಕ್ಕೆ ಒಮ್ಮೆ ಹೋಗಿಬನ್ನಿ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿ ಸೀರೆ ಅಲ್ಲಿನ ಮಗ್ಗಗಳಲ್ಲಿ ಇನ್ನೂ ನೇಯಲ್ಪಡುತ್ತಿದೆ, ಮತ್ತು ಒಂದು ಸೀರೆಯ ಅಡಿಬರಹದಲ್ಲಿ ಯಾರ ಹೆಸರಿರಬೇಕು ಎಂಬುದನ್ನು ಮಗ್ಗದ ಮುಂದೆ ಕುಳಿತವರೇ ನಿಮಗೆ ಸರಿಯಾಗಿ ಹೇಳಬಲ್ಲರು.